ಜ್ಯಾಗರ್ ಅಂದು ಹಾಡಿದ್ದು ಏನು? ಒಂದು ಸಾಲನ್ನು ಕೇಳಿ ನೋಡಿದ ನಾಲ್ಕು ಬಗೆಗಳ ಹೋಲಿಕೆ

1967ರ ಜನವರಿ 15ರ ಭಾನುವಾರ ರಾತ್ರಿ, ನ್ಯೂಯಾರ್ಕಿನಿಂದ ನೇರವಾಗಿ ಪ್ರಸಾರವಾಗುತ್ತಿದ್ದ ಎಡ್ ಸಲಿವನ್ ಅವರ ದೂರದರ್ಶನ ಕಾರ್ಯಕ್ರಮದಲ್ಲಿ ಬ್ರಿಟನ್ನಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್ ‘ಲೆಟ್ಸ್ ಸ್ಪೆಂಡ್ ದ ನೈಟ್ ಟುಗೆದರ್’ (ರಾತ್ರಿಯನ್ನು ಒಟ್ಟಿಗೆ ಕಳೆಯೋಣ) ಎಂಬ ತನ್ನ ಹೊಸ ಹಾಡನ್ನು ಹಾಡಿತು. ಹಾಡಿನ ಪಲ್ಲವಿಯಲ್ಲಿದ್ದ ‘ದ ನೈಟ್’ ಎಂಬ ಪದಗಳನ್ನು ಕುಟುಂಬದವರೆಲ್ಲ ಕುಳಿತು ನೋಡುವ ಕಾರ್ಯಕ್ರಮಕ್ಕೆ ಸಲ್ಲದವೆಂದು ಭಾವಿಸಿ, ಅವುಗಳ ಜಾಗದಲ್ಲಿ ‘ಸಮ್ ಟೈಮ್’ ಎಂದು ಹಾಡಬೇಕೆಂದು ತಂಡವನ್ನು ಒಪ್ಪಿಸಲಾಗಿತ್ತು. ತಂಡದ ಗಾಯಕ ಮಿಕ್ ಜ್ಯಾಗರ್ ಆ ಸಾಲು ಬಂದಾಗ ಕಣ್ಣು ಮೇಲಕ್ಕೆ ಹೊರಳಿಸಿದ್ದನ್ನು ಎಲ್ಲರೂ ಒಪ್ಪುತ್ತಾರೆ. ಬಾಯಿಂದ ಹೊರಟದ್ದು ಏನೆಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ಹೇಳಿದಂತೆ ‘ಟೈಮ್’ ಎಂದೇ ಹಾಡಿದನೆಂದು ಕೆಲವರು, ಮಾತು ಕೊಟ್ಟು ಕೊನೆಗೆ ‘ನೈಟ್’ ಎಂದೇ ಹಾಡಿದನೆಂದು ಕೆಲವರು ವಾದಿಸುತ್ತಾರೆ. ಜ್ಯಾಗರ್ ಮುಂದೆ ಸಂದರ್ಶನವೊಂದರಲ್ಲಿ, ತಾನು ‘ಟೈಮ್’ ಎನ್ನಲೇ ಇಲ್ಲ, ಆ ಜಾಗದಲ್ಲಿ ಬರೀ ಗೊಣಗಿದೆ ಎಂದು ಹೇಳಿ ಮೂರನೆಯ ಪಕ್ಷವೊಂದನ್ನೂ ಹುಟ್ಟುಹಾಕಿದ.

ಮೂರು ವಾರಗಳ ಕಾಲ ಸಂಜೆಯ ಹೊತ್ತು ಈ ಒಂದೇ ಸಾಲನ್ನು ನಾಲ್ಕು ಬಗೆಯಲ್ಲಿ ಕೇಳಿ, ಯಾವ ಬಗೆ ಎಷ್ಟು ನಂಬಿಕೆಗೆ ಅರ್ಹವೆಂದು ನೋಡಿದ್ದೇನೆ.

ಮೊದಲನೆಯದು, ಎಲ್ಲರೂ ಮಾಡುವಂತೆ ಹೆಡ್‌ಫೋನ್ ಹಾಕಿಕೊಂಡು ಮತ್ತೆ ಮತ್ತೆ ಕೇಳುವುದು. ಇದಕ್ಕಿಂತ ಮೋಸದ ದಾರಿ ಇನ್ನೊಂದಿಲ್ಲವೆಂಬುದು ಎರಡನೆಯ ಸಂಜೆಗೇ ಗೊತ್ತಾಯಿತು. ‘ಟೈಮ್’ ಎಂದು ಮನಸ್ಸಿನಲ್ಲಿ ಇಟ್ಟುಕೊಂಡು ಕೇಳಿದರೆ ‘ಟೈಮ್’ ಕೇಳಿಸುತ್ತದೆ, ಗೊಣಗಾಟವೆಂದು ಇಟ್ಟುಕೊಂಡು ಕೇಳಿದರೆ ಗೊಣಗಾಟವೇ ಕೇಳಿಸುತ್ತದೆ. ಇಪ್ಪತ್ತನೆಯ ಬಾರಿಗೆ ಕಿವಿ ಮೊದಲು ಹಿಡಿದದ್ದನ್ನು ಬಿಡಲು ಒಪ್ಪುವುದೇ ಇಲ್ಲ. ಹೆಡ್‌ಫೋನಿನ ಬೆಲೆಗೂ ಇದಕ್ಕೂ ಸಂಬಂಧ ಕಡಿಮೆ. ಆ ಕಾಲದ ದೂರದರ್ಶನದ ಧ್ವನಿ ಒಂದೇ ವಾಹಿನಿಯದು. ಎಡ ಬಲಗಳ ವ್ಯತ್ಯಾಸವೇ ಇಲ್ಲದಿರುವುದರಿಂದ, ಕ್ಯಾರಿಯೋಕಿಯವರು ಒಂದು ಬದಿಯಿಂದ ಇನ್ನೊಂದನ್ನು ಕಳೆದು ಗಾಯನವನ್ನೂ ವಾದ್ಯವನ್ನೂ ಬೇರ್ಪಡಿಸುವ ಹಳೆಯ ಉಪಾಯ ಇಲ್ಲಿ ನಡೆಯುವುದಿಲ್ಲ. ದುಬಾರಿ ಹೆಡ್‌ಫೋನಿಗಿಂತ ಒಳ್ಳೆಯ ಪ್ರತಿಯನ್ನು ಹುಡುಕುವುದು ಹೆಚ್ಚು ಪ್ರಯೋಜನಕಾರಿ, ಏಕೆಂದರೆ ಕುಗ್ಗಿಸಿದ ಕಡತಗಳು ಮೊದಲು ಕಳೆದುಕೊಳ್ಳುವುದು ಮೇಲಿನ ಕಂಪನಗಳನ್ನು, ಮತ್ತು ನಮಗೆ ಬೇಕಾದ ಸಕಾರ ಟಕಾರಗಳ ಗುರುತು ಉಳಿದಿರುವುದು ಅಲ್ಲಿಯೇ.

ಎರಡನೆಯದು, ವೇಗ ತಗ್ಗಿಸಿ ಕೇಳುವುದು. ಈ ವಿದ್ಯೆಗೆ ಘನವಾದ ಇತಿಹಾಸವಿದೆ. 1963ರಲ್ಲಿ ಪೋರ್ಟ್‌ಲೆಂಡಿನ ಕಿಂಗ್ಸ್‌ಮೆನ್ ತಂಡ ಧ್ವನಿಮುದ್ರಿಸಿದ ‘ಲೂಯಿ ಲೂಯಿ’ ಹಾಡಿನಲ್ಲಿ, ಮೇಲೆ ತೂಗುಹಾಕಿದ್ದ ಮೈಕಿನತ್ತ ಮುಖವೆತ್ತಿ ಕೂಗಿದ ಜ್ಯಾಕ್ ಈಲಿಯ ಮಾತು ಯಾರಿಗೂ ತಿಳಿಯಲಿಲ್ಲ. ತಿಳಿಯದ್ದು ಅಶ್ಲೀಲವೇ ಇರಬೇಕೆಂದು ದೂರುಗಳು ಹೋಗಿ, ಅಮೆರಿಕದ ಎಫ್‌ಬಿಐ ಎರಡು ವರ್ಷಕ್ಕೂ ಮೀರಿ ತನಿಖೆ ನಡೆಸಿತು. ನಿಮಿಷಕ್ಕೆ 45 ಸುತ್ತು ತಿರುಗುವ ಹಾಡಿನ ತಟ್ಟೆಯನ್ನು ಬೇರೆ ಬೇರೆ ವೇಗಗಳಲ್ಲಿ ತಿರುಗಿಸಿ ಕೇಳಿದ ಅದರ ಪ್ರಯೋಗಾಲಯ, ಯಾವ ವೇಗದಲ್ಲಿಯೂ ಅರ್ಥವಾಗದೆಂಬ ತೀರ್ಮಾನಕ್ಕೆ ಬಂದಿತು. ಹಾಡಿದವನನ್ನೇ ಕರೆದು ಕೇಳುವ ಯೋಚನೆ ಯಾರಿಗೂ ಬಾರದಿದ್ದುದು ಈ ಪ್ರಸಂಗದ ಸ್ವಾರಸ್ಯ. (ರಿಚರ್ಡ್ ಬೆರಿ ಬರೆದ ಮೂಲ ಹಾಡಿನಲ್ಲಿರುವುದು, ತನ್ನ ಹುಡುಗಿಯನ್ನು ಕಾಣಲು ಹೊರಟ ನಾವಿಕನೊಬ್ಬನ ಸಾಧುವಾದ ಅಳಲು.) ನನ್ನ ಅನುಭವವೂ ಪ್ರಯೋಗಾಲಯದ ತೀರ್ಮಾನಕ್ಕಿಂತ ಬೇರೆಯಾಗಲಿಲ್ಲ. ಅರ್ಧ ವೇಗಕ್ಕೆ ಇಳಿಸಿದಾಗ ಸ್ವರಗಳು ಉದ್ದವಾಗುತ್ತವೆ, ಆದರೆ ವಾದವನ್ನು ತೀರ್ಮಾನಿಸಬೇಕಾದ ವ್ಯಂಜನಗಳು ಕದಡಿದ ನೀರಿನಂತಾಗುತ್ತವೆ. ಶ್ರುತಿ ಕೆಡದಂತೆ ನಿಧಾನಗೊಳಿಸುವ ಇಂದಿನ ತಂತ್ರಾಂಶಗಳು ಧ್ವನಿಯನ್ನು ಚೂರುಮಾಡಿ ಮತ್ತೆ ಹೊಲಿಯುವುದರಿಂದ, ಟಕಾರದಂಥ ಕ್ಷಣಮಾತ್ರದ ಸ್ಫೋಟವನ್ನು ಇನ್ನಷ್ಟು ಮಸುಕುಗೊಳಿಸುತ್ತವೆ. ಮುಕ್ಕಾಲು ವೇಗಕ್ಕಿಂತ ಕೆಳಗೆ ಹೋಗುವುದು ವ್ಯರ್ಥ.

ಮೂರನೆಯದು ಕಣ್ಣಿನ ದಾರಿ, ಮತ್ತು ಯಂತ್ರ ಬೇಕಾದ ದಾರಿಗಳಲ್ಲಿ ನನಗೆ ಅತ್ಯಂತ ಹೆಚ್ಚು ತಿಳಿಸಿಕೊಟ್ಟದ್ದು ಇದೇ. ಇದರಲ್ಲಿ ಎರಡು ಭಾಗಗಳಿವೆ. ಧ್ವನಿಯನ್ನು ಪೂರ್ತಿ ಮುಚ್ಚಿ ತುಟಿಗಳನ್ನಷ್ಟೇ ನೋಡುವುದು ಒಂದು. ನಮ್ಮ ವರ್ಣಮಾಲೆ ಕಲಿತವರಿಗೆ ಇದು ಸುಲಭ, ಏಕೆಂದರೆ ಪವರ್ಗದ ಅಕ್ಷರಗಳಿಗೆ ತುಟಿ ಮುಚ್ಚಲೇಬೇಕೆಂಬುದು ಓಷ್ಠ್ಯವೆಂಬ ಹೆಸರಿನಲ್ಲಿಯೇ ಇದೆ. ‘ಸ್ಪೆಂಡ್’ ಪದದ ಪಕಾರ ಮುಗಿದ ಮೇಲೆ ಎಣಿಕೆ ಆರಂಭಿಸಿ ‘ಟುಗೆದರ್’ ಬರುವವರೆಗೆ ತುಟಿ ಎಷ್ಟು ಬಾರಿ ಮುಚ್ಚಿತೆಂದು ನೋಡಿದರೆ ಸಾಕು. ‘ದ ನೈಟ್’ ಎಂದಿದ್ದರೆ ಒಮ್ಮೆಯೂ ಮುಚ್ಚಬೇಕಿಲ್ಲ. ‘ಸಮ್ ಟೈಮ್’ ಎಂದಿದ್ದರೆ ಎರಡು ಬಾರಿ ಮುಚ್ಚಿ, ನಡುವೆ ಐಕಾರಕ್ಕಾಗಿ ಬಾಯಿ ಅಗಲವಾಗಿ ತೆರೆಯಬೇಕು. ‘ಸಮ್’ ಎಂದು ಮುಂದೆ ಗೊಣಗಿದ್ದರೆ ಒಂದೇ ದೀರ್ಘ ಮುಚ್ಚುವಿಕೆ. ಮೂರು ಪಕ್ಷಗಳಿಗೂ ಮೂರು ಬೇರೆ ಗುರುತುಗಳು ಸಿಗುವ ಇಂಥ ಅನುಕೂಲ ಎಲ್ಲ ಸಾಲಿಗೂ ಒದಗುವುದಿಲ್ಲ. ಇಲ್ಲಿನ ಕೊರತೆಯೆಂದರೆ ಕ್ಯಾಮೆರಾ ಎಲ್ಲ ಹೊತ್ತೂ ಗಾಯಕನ ಬಾಯಿಯ ಮೇಲೆ ನಿಲ್ಲದಿರುವುದು, ನಿಂತಾಗಲೂ ಮೈಕು ಅಡ್ಡ ಬರುವುದು. ಧ್ವನಿ ಮುಚ್ಚಿಯೇ ನೋಡಬೇಕೆಂದು ನಾನು ಒತ್ತಿ ಹೇಳುವುದಕ್ಕೂ ಕಾರಣವಿದೆ: ‘ಬ’ ಎಂಬ ಧ್ವನಿಗೆ ‘ಗ’ ಎನ್ನುವ ಬಾಯಿಯ ಚಿತ್ರವನ್ನು ಜೋಡಿಸಿದರೆ ಅನೇಕರಿಗೆ ‘ದ’ ಕೇಳಿಸುತ್ತದೆ ಎಂಬುದನ್ನು ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮ್ಯಾಕ್‌ಡೊನಾಲ್ಡ್ 1976ರಲ್ಲಿಯೇ ತೋರಿಸಿದ್ದಾರೆ. ಕಣ್ಣು ಕಿವಿಗೆ ಸಾಕ್ಷಿ ಹೇಳುವುದಷ್ಟೇ ಅಲ್ಲದೆ ಕಿವಿಯ ಸಾಕ್ಷಿಯನ್ನೇ ತಿದ್ದಿಬಿಡುತ್ತದೆ.

ಇನ್ನೊಂದು ಭಾಗ, ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಧ್ವನಿಯ ಸ್ಪೆಕ್ಟ್ರೋಗ್ರಾಮ್ ತೆರೆದು, ಅಂದರೆ ಯಾವ ಕ್ಷಣದಲ್ಲಿ ಯಾವ ಕಂಪನ ಎಷ್ಟಿದೆಯೆಂಬ ಚಿತ್ರವನ್ನು ಮುಂದಿಟ್ಟುಕೊಂಡು ಓದುವುದು. ಸಕಾರ ಇಲ್ಲಿ ಮೇಲ್ಭಾಗದಲ್ಲಿ ಮಂಜಿನ ಪಟ್ಟಿಯಂತೆ ಕಾಣುತ್ತದೆ. ಸಾಲಿನ ಆರಂಭದ ‘ಲೆಟ್ಸ್ ಸ್ಪೆಂಡ್’ನಲ್ಲಿಯೇ ಒಂದು ಉದ್ದನೆಯ ಸಕಾರ ಇರುವುದರಿಂದ ಅಳತೆಗೋಲು ಅದೇ ಸಾಲಿನಲ್ಲಿ ಸಿಕ್ಕಿಬಿಡುತ್ತದೆ: ‘ಸ್ಪೆಂಡ್’ ಮುಗಿದ ಮೇಲೆ ಮತ್ತೊಂದು ಪಟ್ಟಿ ಮೂಡಿದರೆ ಅದು ‘ಸಮ್’, ಮೂಡದಿದ್ದರೆ ‘ದ’. ನಾನು ಗುರುತಿಸಲು ಸಾಧ್ಯವಾದ ಸಾಲುಗಳಲ್ಲೆಲ್ಲ ಎರಡನೆಯ ಪಟ್ಟಿ ಇದ್ದಿತು. ಆದ್ದರಿಂದ ‘ನೈಟ್’ ಪಕ್ಷವನ್ನು ನಾನು ಕೈಬಿಟ್ಟಿದ್ದೇನೆ; ಜ್ಯಾಗರ್ ಕೂಡ ಆ ಪಕ್ಷದಲ್ಲಿಲ್ಲ. ಟಕಾರದ ವಿಷಯದಲ್ಲಿ ಚಿತ್ರ ಅಷ್ಟು ಉದಾರವಾಗಲಿಲ್ಲ. ಟಕಾರಕ್ಕೆ ಮೊದಲು ಒಂದು ಸಣ್ಣ ಮೌನ, ಅನಂತರ ಸೂಜಿಯಂಥ ಗೆರೆ ಇರಬೇಕು, ಮತ್ತು ಡ್ರಮ್ಮಿನ ಪೆಟ್ಟೂ ಅದೇ ಗೆರೆಯನ್ನು ಎಳೆಯುತ್ತದೆ. ವಾದ್ಯಗಳಿಂದ ಕಂಠವನ್ನು ಬೇರ್ಪಡಿಸುವ ಹೊಸ ತಂತ್ರಾಂಶವೊಂದರಿಂದ ಡ್ರಮ್ಮನ್ನು ತೆಗೆದು ನೋಡಿದೆ. ಡ್ರಮ್ಮಿನ ಜೊತೆಗೆ ಟಕಾರಗಳಲ್ಲಿ ಕೆಲವೂ ಹೊರಟುಹೋದವು.

ನಾಲ್ಕನೆಯ ದಾರಿಗೆ ಯಂತ್ರವೇ ಬೇಡ: ವಾದವೇನೆಂದು ಅರಿಯದವರಿಗೆ ಕೇಳಿಸಿ, ಅವರ ಕೈಯಲ್ಲಿ ಬರೆಸುವುದು. ನಾಲ್ವರಿಗೆ, ಹಾಡಿನ ಹೆಸರನ್ನೂ ಹೇಳದೆ, ಆ ಸಾಲಿನ ತುಣುಕುಗಳನ್ನು ಎರಡೆರಡು ಬಾರಿ ಕೇಳಿಸಿ, ಕೇಳಿದ್ದನ್ನು ಕನ್ನಡ ಲಿಪಿಯಲ್ಲಿ ಬರೆಯಿರೆಂದೆ. ಇಂಗ್ಲಿಷ್ ಚೆನ್ನಾಗಿ ಬಲ್ಲ ಮೂವರು ಪೂರ್ಣ ಅರ್ಥವುಳ್ಳ ವಾಕ್ಯಗಳನ್ನು ಬರೆದುಕೊಟ್ಟರು, ಅಂದರೆ ಬಿಟ್ಟುಹೋದ ಜಾಗವನ್ನು ತಮ್ಮ ಊಹೆಯಿಂದ ತುಂಬಿದ್ದರು. ಇಂಗ್ಲಿಷ್ ಬಾರದ ನನ್ನ ಸೋದರತ್ತೆ ಮಾತ್ರ ಅರ್ಥದ ಹಂಗಿಲ್ಲದೆ ಅಕ್ಷರಗಳನ್ನಷ್ಟೇ ಬರೆದರು: ಒಂದು ತುಣುಕಿಗೆ ‘ಸಂಟಾಯ್ಮ್’, ಇನ್ನೊಂದಕ್ಕೆ ‘ಸಂ’ ಎಂದು ಬರೆದು ಮುಂದೆ ಒಂದು ಗೆರೆ. ಆ ಗೆರೆಯ ಬೆಲೆ ಎಷ್ಟೆಂದು ಅವರಿಗೆ ಹೇಳಿದಾಗ, ಹಾಡುವವನು ಬಾಯಲ್ಲಿ ಅಡಿಕೆ ಇಟ್ಟುಕೊಂಡಿದ್ದನೇ ಎಂದು ಕೇಳಿದರು.

ಅವರ ಚೀಟಿಯನ್ನೂ ಧ್ವನಿಯ ಚಿತ್ರವನ್ನೂ ಪಕ್ಕಪಕ್ಕದಲ್ಲಿ ಇಟ್ಟಾಗ ನನಗೆ ಕಂಡದ್ದು ಇದು: ಪಲ್ಲವಿ ಮರಳಿ ಮರಳಿ ಬರುವ ಹಾಡಿನಲ್ಲಿ ಎಲ್ಲ ಬಾರಿಯೂ ಒಂದೇ ಉತ್ತರವಿಲ್ಲ. ಕೆಲವು ಸಾಲುಗಳಲ್ಲಿ ‘ಟೈಮ್’ ನನ್ನ ಕಿವಿಗೆ ಸ್ಪಷ್ಟವಾಗಿದೆ, ಕೆಲವದರಲ್ಲಿ ಪದ ಹಲ್ಲಿನ ಹಿಂದೆಯೇ ನುಂಗಿಹೋಗಿದೆ. ಒಂದು ಪಕ್ಷದವರು ಒಂದು ಸಾಲನ್ನೂ ಇನ್ನೊಂದು ಪಕ್ಷದವರು ಬೇರೆ ಸಾಲನ್ನೂ ಸಾಕ್ಷಿಯಾಗಿ ತರುತ್ತಿದ್ದಾರೆ. ಅದೇ ವರ್ಷದ ಸೆಪ್ಟೆಂಬರ್ 17ರಂದು ಅದೇ ವೇದಿಕೆಯ ಮೇಲೆ, ‘ಹೈಯರ್’ ಎಂಬ ಪದವನ್ನು ಬದಲಿಸುವಂತೆ ಕೇಳಿಕೊಂಡರೂ ಡೋರ್ಸ್ ತಂಡದ ಜಿಮ್ ಮಾರಿಸನ್ ಅದನ್ನು ಇದ್ದಂತೆಯೇ ಹಾಡಿಬಿಟ್ಟ. ಆ ತುಣುಕಿಗೆ ನನ್ನ ನಾಲ್ಕು ಬಗೆಗಳಲ್ಲಿ ಯಾವುದೂ ಬೇಕಾಗಲಿಲ್ಲ, ತಂಡಕ್ಕೆ ಆ ಕಾರ್ಯಕ್ರಮದಿಂದ ಮತ್ತೆ ಕರೆಯೂ ಬರಲಿಲ್ಲ.

ಈ ನಾಲ್ಕರಲ್ಲಿ ನನ್ನ ಆಯ್ಕೆಯ ಕ್ರಮ ಹೀಗಿದೆ: ಮೊದಲು ಅರಿಯದವರ ಕಿವಿ, ಅದಕ್ಕೂ ಇಂಗ್ಲಿಷ್ ಬಾರದವರದೇ ಆದರೆ ಉತ್ತಮ, ಬಳಿಕ ಧ್ವನಿ ಮುಚ್ಚಿದ ತುಟಿ, ಅದಾದ ಮೇಲೆ ಧ್ವನಿಯ ಚಿತ್ರ, ಅನಂತರ ತಗ್ಗಿಸಿದ ವೇಗ, ಹೆಡ್‌ಫೋನಿನ ಪುನರಾವರ್ತನೆ ಎಲ್ಲಕ್ಕೂ ಕೊನೆಗೆ. ಈ ಕ್ರಮ ಎಲ್ಲ ಹಾಡಿಗೂ ಹೊಂದುವುದೆಂದು ಹೇಳಲಾರೆ. ‘ಬ್ಯಾಡ್ ಮೂನ್ ಆನ್ ದ ರೈಸ್’ ಎಂಬ ತನ್ನ ಸಾಲನ್ನು ಜನ ‘ಬಾತ್‌ರೂಮ್ ಆನ್ ದ ರೈಟ್’ ಎಂದು ಕೇಳಿಸಿಕೊಂಡದ್ದು ತಿಳಿದ ಜಾನ್ ಫೋಗರ್ಟಿ, ಸಂಗೀತ ಕಛೇರಿಗಳಲ್ಲಿ ತಮಾಷೆಗೆಂದು ಹಾಗೆಯೇ ಹಾಡುವುದೂ ಉಂಟು. ಇಲ್ಲಿ ಎರಡೂ ಪಾಠಗಳಲ್ಲಿ ತುಟಿ ಬಕಾರಕ್ಕೊಮ್ಮೆ, ಮಕಾರಕ್ಕೊಮ್ಮೆ ಮುಚ್ಚುವುದರಿಂದ ನನ್ನ ಎಣಿಕೆ ಸೋತಿತು. ಕೊನೆಯ ಪದದಲ್ಲಿ ‘ರೈಸ್’ ಆದರೆ ಮಂಜಿನ ಪಟ್ಟಿ, ‘ರೈಟ್’ ಆದರೆ ಮೌನ ಕಾಣಬೇಕೆಂದು ಒಂದು ಕಛೇರಿಯ ಚಿತ್ರವನ್ನು ತೆರೆದರೆ, ಆ ಪದ ಬರುವ ಹೊತ್ತಿಗೆ ಸಭೆಯೇ ಎದ್ದು ಹಾಡುತ್ತಿತ್ತು. ಪಟ್ಟಿಯೇನೋ ದಟ್ಟವಾಗಿ ಮೂಡಿತ್ತು, ಅದು ಗಾಯಕನದೋ ಜನರದೋ ಹೇಳುವಂತಿರಲಿಲ್ಲ.