ಆಲೆಮನೆ ನಕ್ಷೆಗೆ 'ಡಯಾ'ನಾ, 'ಡ್ರಾ.ಐಓ'ನಾ? ಎರಡನ್ನೂ ಸೋರ್ಸ್‌ನಿಂದ ಕಟ್ಟಿ ನೋಡಿದೆ

ಪಾಂಡವಪುರದ ಹತ್ತಿರ ನಮ್ಮ ಚಿಕ್ಕಪ್ಪನ ಆಲೆಮನೆ ಇದೆ. ಹಳೇ ಒಲೆ ಕೆಡವಿ ಹೊಸದು ಕಟ್ಟಿಸಲು ಹೊರಟಿದ್ದರು. ಗಾಣ ಎಲ್ಲಿ, ಕೊಪ್ಪರಿಗೆ ಎಲ್ಲಿ, ರಚ್ಚು (ಹಿಂಡಿದ ಕಬ್ಬಿನ ಸಿಪ್ಪೆ) ಒಣಗಿಸಲು ಎಷ್ಟು ಜಾಗ ಅಂತ ಮೇಸ್ತ್ರಿಗೆ ತೋರಿಸಲು ಒಂದು ನಕ್ಷೆ ಬೇಕಿತ್ತು. ಪೇಪರಿನ ಮೇಲಾದರೆ ಹತ್ತು ನಿಮಿಷದ ಕೆಲಸ. ನಾನು ನಾಲ್ಕು ಸಂಜೆ ತೆಗೆದುಕೊಂಡೆ. ಡಯಾ, ಡ್ರಾ.ಐಓ ಅನ್ನೋ ಎರಡು ನಕ್ಷೆ ಬರೆಯುವ ಪ್ರೋಗ್ರಾಂಗಳನ್ನು ಸೋರ್ಸ್‌ನಿಂದ, ಅಂದರೆ ಅವುಗಳ ಮೂಲ ಕೋಡಿನಿಂದ, ನಾನೇ ಕಟ್ಟಲು ಹೊರಟದ್ದೇ ಕಾರಣ.

ನನ್ನದು 4 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್, ಅದರಲ್ಲಿ ಲಿನಕ್ಸಿನ ಉಬುಂಟು 22.04. ಬ್ಯಾಟರಿ ಸತ್ತು ಎರಡು ವರ್ಷ ಆಯಿತು, ಪ್ಲಗ್ಗಿನಲ್ಲೇ ಜೀವ. ಡಯಾ ಬೇಕಾದರೆ ಏಪ್ಟ್‌ನಲ್ಲಿ (ಸಿದ್ಧ ಪ್ರೋಗ್ರಾಂ ತರಿಸುವ ಉಬುಂಟುವಿನ ಆಜ್ಞೆ) ಒಂದೇ ಸಾಲಿನಲ್ಲಿ ಬರುತ್ತದೆ. ಆದರೆ ಗಾಣ, ಕೊಪ್ಪರಿಗೆಯ ಆಕಾರ ನಾವೇ ಸೇರಿಸಬೇಕೆಂದರೆ ಸೋರ್ಸ್‌ಗೇ ಕೈ ಹಾಕಬೇಕು ಅಂತ ನಾನು ಅಂದುಕೊಂಡಿದ್ದೆ. ಅದು ಎಷ್ಟು ಸರಿ ಅನ್ನೋದು ಆಮೇಲೆ ಗೊತ್ತಾಯಿತು.

ಮೊದಲು ಡಯಾ 0.97.3. 2014ರ ಬಿಡುಗಡೆ, ಸಿ ಭಾಷೆಯಲ್ಲಿ ಬರೆದದ್ದು, ಕಿಟಕಿ, ಬಟನ್ ತೋರಿಸುವ ಜಿಟಿಕೆ 2 ಲೈಬ್ರರಿಯ ಮೇಲೆ ನಿಂತದ್ದು. ಸೋರ್ಸ್ ಕಟ್ಟಿಟ್ಟ ಟಾರ್ ಫೈಲ್ ಬಿಚ್ಚಿ, ಕಟ್ಟಲು ಬೇಕಾದದ್ದೆಲ್ಲ ಇದೆಯಾ ಅಂತ ನೋಡುವ ಕಾನ್ಫಿಗರ್ ಓಡಿಸಿದೆ. ಇಂಟ್ಲ್‌ಟೂಲ್ (ಅನುವಾದಗಳಿಗೆ ಬೇಕಾದ ಸಾಧನ) ಇಲ್ಲ ಅಂದಿತು. ಹಾಕಿದೆ. ಜಿಟಿಕೆ ಇಲ್ಲ ಅಂದಿತು. ಇದೆಯಲ್ಲ ಮಾರಾಯ ಅಂತ ಬೈದುಕೊಂಡೆ. ಪ್ರೋಗ್ರಾಂ ಓಡಲು ಬೇಕಾದ ಲೈಬ್ರರಿ ಬೇರೆ, ಅದನ್ನು ಬಳಸಿ ಹೊಸದು ಕಟ್ಟಲು ಬೇಕಾದ ಹೆಡರ್ ಫೈಲುಗಳು ಬೇರೆ. ಉಬುಂಟುವಿನಲ್ಲಿ ಇವು ಹೆಸರಿನ ಕೊನೆಗೆ 'ಡೆವ್' ಇರುವ ಪ್ಯಾಕೇಜಿನಲ್ಲಿ ಬರುತ್ತವೆ. ಹೀಗೆ ಒಂದೊಂದಾಗಿ ಹುಡುಕುವ ಬದಲು, ಸಾಫ್ಟ್‌ವೇರ್ ಸೆಟ್ಟಿಂಗಿನಲ್ಲಿ 'ಸೋರ್ಸ್ ಕೋಡ್' ಅನ್ನೋದಕ್ಕೆ ಟಿಕ್ ಹಾಕಿ 'ಏಪ್ಟ್ ಬಿಲ್ಡ್-ಡೆಪ್ ಡಯಾ' ಕೊಟ್ಟರೆ ಹೆಚ್ಚುಕಮ್ಮಿ ಎಲ್ಲವೂ ಒಟ್ಟಿಗೆ ಬರುತ್ತವೆ. ಇದು ಗೊತ್ತಾಗಿದ್ದು ಮೊದಲ ಸಂಜೆ ಪೂರ್ತಿ ಕಳೆದ ಮೇಲೆ.

ಎರಡನೇ ಸಂಜೆ, ಕೋಡನ್ನು ಪ್ರೋಗ್ರಾಂ ಆಗಿ ಕಟ್ಟುವ ಮೇಕ್ ಓಡುತ್ತಿದ್ದಾಗ ಕರೆಂಟ್ ಹೋಯಿತು. ಬಂದ ಮೇಲೆ ಮತ್ತೆ ಮೇಕ್ ಅಂದರೆ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ, ಅದು ಅದರ ದೊಡ್ಡ ಗುಣ. ಆದರೆ ಕರೆಂಟ್ ಹೋದ ಕ್ಷಣದಲ್ಲಿ ಬರೆಯುತ್ತಿದ್ದ ಒಂದು ಆಬ್ಜೆಕ್ಟ್ ಫೈಲ್ (ಕಂಪೈಲ್ ಆದ ಒಂದು ತುಂಡು) ಅರ್ಧಕ್ಕೇ ನಿಂತಿತ್ತು. ಫೈಲ್ ಇದೆಯಲ್ಲ ಅಂತ ಮೇಕ್ ಅದನ್ನು ದಾಟಿಕೊಂಡು ಹೋಯಿತು. ಕೊನೆಗೆ ಎಲ್ಲ ಜೋಡಿಸುವಾಗ ಲಿಂಕರ್ ಮುಗ್ಗರಿಸಿತು. ಆ ಒಂದು ಫೈಲ್ ಅಳಿಸಿ ಮತ್ತೆ ಮೇಕ್ ಕೊಟ್ಟೆ, ಸರಿಹೋಯಿತು.

ಇನ್‌ಸ್ಟಾಲ್ ಮಾಡುವಾಗ ಒಂದು ಪೆದ್ದುತನ ಮಾಡಿದೆ. ಪ್ರಿಫಿಕ್ಸ್, ಅಂದರೆ ಎಲ್ಲಿ ಕೂರಿಸಬೇಕು ಅನ್ನೋ ಫೋಲ್ಡರ್, ಕೊಡಲಿಲ್ಲ. ಸುಮ್ನೆ ಸುಡೋ (ಅಡ್ಮಿನ್ ಅಧಿಕಾರ) ಹಾಕಿ ಮುಗಿಸಿದೆ. ಎಲ್ಲ ಯುಎಸ್‌ಆರ್-ಲೋಕಲ್ ಅನ್ನೋ ಸಿಸ್ಟಂ ಫೋಲ್ಡರಿನ ಒಳಗೆ ಹೋಗಿ ಕೂತಿತು. ಜಾಗ ಉಳಿಯಲಿ ಅಂತ ಸೋರ್ಸ್ ಫೋಲ್ಡರನ್ನೂ ಅಳಿಸಿದೆ. ತೆಗೆಯಬೇಕಾದಾಗ 'ಮೇಕ್ ಅನ್‌ಇನ್‌ಸ್ಟಾಲ್' ಎಲ್ಲಿಂದ ಕೊಡೋದು? ಮತ್ತೆ ಟಾರ್ ಬಿಚ್ಚಿ ಕಾನ್ಫಿಗರ್ ಮಾಡಬೇಕಾಯಿತು. ನಿಮ್ಮ ಹೋಮ್ ಒಳಗಿನ ಒಂದು ಫೋಲ್ಡರನ್ನೇ ಪ್ರಿಫಿಕ್ಸ್ ಆಗಿ ಕೊಡಿ. ಬೇಡವಾದರೆ ಆ ಫೋಲ್ಡರ್ ಅಳಿಸಿದರೆ ಆಯಿತು.

ಡಯಾದ ಗಿಟ್ ಆವೃತ್ತಿಯೂ (ಇನ್ನೂ ಕೆಲಸ ನಡೆಯುತ್ತಿರುವ ಕೋಡ್) ಇದೆ. ಅದರಲ್ಲಿ ಕಾನ್ಫಿಗರ್, ಮೇಕ್ ಬದಲು ಮೆಸನ್, ನಿಂಜಾ ಬಳಸುತ್ತಾರೆ. ಅದನ್ನು ನಾನು ಮುಟ್ಟಲಿಲ್ಲ, ಮೇಸ್ತ್ರಿ ಕಾಯುತ್ತಿದ್ದರು.

ಡ್ರಾ.ಐಓ ಡೆಸ್ಕ್‌ಟಾಪ್ ಕಟ್ಟುವುದು ಬೇರೆಯೇ ಜಾತಿ. ಇಲ್ಲಿ ಕಂಪೈಲ್ ಆಗುವುದು ಕಡಿಮೆ, ಇಳಿಸಿಕೊಳ್ಳುವುದು ಜಾಸ್ತಿ. ಇದು ನಿಂತಿರುವುದು ಎಲೆಕ್ಟ್ರಾನ್ ಮೇಲೆ. ಎಲೆಕ್ಟ್ರಾನ್ ಅಂದರೆ ಒಳಗೆ ಒಂದು ಇಡೀ ಕ್ರೋಮಿಯಂ ಬ್ರೌಸರ್. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕೂತಿದ್ದ ನನಗೆ ಆ ದಿನದ ಡೇಟಾ ಅಲ್ಲಿಗೇ ಮುಗಿಯಿತು. ಗಿಟ್ ಕ್ಲೋನ್ ಮಾಡುವಾಗ (ಕೋಡಿನ ಪ್ರತಿ ಇಳಿಸಿಕೊಳ್ಳುವಾಗ) 'ರಿಕರ್ಸಿವ್' ಮರೆಯಬೇಡಿ. ನಿಜವಾದ ಎಡಿಟರ್ ಇರುವುದು ಸಬ್‌ಮಾಡ್ಯೂಲಿನಲ್ಲಿ, ಅಂದರೆ ಒಳಗೆ ಕೊಂಡಿ ಹಾಕಿದ ಬೇರೊಂದು ಕೋಡ್ ಸಂಗ್ರಹದಲ್ಲಿ, ಅದಿಲ್ಲದೆ ಖಾಲಿ ಡಬ್ಬ ಮಾತ್ರ. ಜೊತೆಗೆ ಉಬುಂಟು 22.04ರ ನೋಡ್ 12 (ಜಾವಾಸ್ಕ್ರಿಪ್ಟ್ ಓಡಿಸುವ ಸಾಧನ) ಇದಕ್ಕೆ ಹಳೆಯದಾಯಿತು, ಹೊಸದು ತರಬೇಕು. ಇಷ್ಟಾದರೆ ನೋಡ್ ಜೊತೆಗಿನ ಎನ್‌ಪಿಎಂ ಆಜ್ಞೆ: ಎನ್‌ಪಿಎಂ ಇನ್‌ಸ್ಟಾಲ್, ಎನ್‌ಪಿಎಂ ಸ್ಟಾರ್ಟ್, ಕಿಟಕಿ ತೆರೆಯುತ್ತದೆ.

ತೆರೆದ ಮೇಲೆ ಮಾತ್ರ ಡ್ರಾ.ಐಓ ಕಣ್ಣಿಗೆ ಹಬ್ಬ. ಗೆರೆ ಎಳೆದರೆ ತಾನೇ ಸರಿಯಾಗಿ ಅಂಟಿಕೊಳ್ಳುತ್ತದೆ. ಅದರ ಮುಂದೆ ಡಯಾ ಹಳೇ ಸರ್ಕಾರಿ ಕಚೇರಿಯ ಮೇಜಿನಂತೆ ಕಾಣುತ್ತದೆ. ಆದರೆ ಬ್ರೌಸರ್ ಜೊತೆಗೆ ಇದೂ ತೆರೆದರೆ ನನ್ನ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಡಯಾ ಕ್ಲಿಕ್ ಮಾಡಿದ ತಕ್ಷಣ ಎದ್ದು ನಿಲ್ಲುತ್ತದೆ.

ನನಗೆ ಮುಖ್ಯವಾಗಿದ್ದದ್ದು ಕನ್ನಡ. 'ಕೊಪ್ಪರಿಗೆ'ಯ ಒತ್ತು ಸರಿಯಾಗಿ ಕೂರಬೇಕು ಅಲ್ವಾ? ಪರದೆಯ ಮೇಲೆ ಎರಡರಲ್ಲೂ ಚೆನ್ನಾಗಿ ಕೂತಿತು, ಫಾಂಟ್ ನವಿಲು. ತಾಪತ್ರಯ ಬಂದದ್ದು ಹೊರಗೆ ತೆಗೆಯುವಾಗ. ಡಯಾದಲ್ಲಿ ಇಪಿಎಸ್‌ಗೆ (ಪ್ರಿಂಟಿಗೆ ಬಳಸುವ ಚಿತ್ರದ ಫೈಲ್) ಎರಡು ದಾರಿ: ಎಲ್ಲ ಭಾಷೆಯ ಅಕ್ಷರ ಜೋಡಿಸುವ ಪ್ಯಾಂಗೋ ಫಾಂಟಿನದು, ಪಶ್ಚಿಮ ಯುರೋಪಿನ ಅಕ್ಷರಗಳಷ್ಟೇ ಇರುವ ಲ್ಯಾಟಿನ್-1 ಫಾಂಟಿನದು. ಎರಡನೆಯದು ಆರಿಸಿದರೆ ಕನ್ನಡ ಹೋಯಿತು ಅಂತಲೇ ಲೆಕ್ಕ. ಡ್ರಾ.ಐಓದ ಎಸ್‌ವಿಜಿಯನ್ನು (ಗೆರೆಗಳಾಗಿ ಉಳಿಸುವ ಚಿತ್ರದ ಫೈಲ್) ಇಂಕ್‌ಸ್ಕೇಪ್ ಅನ್ನೋ ಚಿತ್ರ ಬರೆಯುವ ಪ್ರೋಗ್ರಾಂನಲ್ಲಿ ತೆರೆದರೆ ಚೌಕಗಳಿದ್ದವು, ಅಕ್ಷರ ಇರಲಿಲ್ಲ. ಡ್ರಾ.ಐಓ ಅಕ್ಷರವನ್ನು ವೆಬ್ ಪುಟದ ಎಚ್‌ಟಿಎಂಎಲ್ ಆಗಿ ಒಳಗೆ ಇಡುತ್ತದೆ, ಬ್ರೌಸರ್‌ಗೆ ಮಾತ್ರ ಅದು ಅರ್ಥವಾಗುತ್ತದೆ. ಪಿಡಿಎಫ್ ಮಾಡಿದೆ, ಅಕ್ಷರ ಬಂತು.

ಇನ್ನು ನನ್ನ ಗಾಣ, ಕೊಪ್ಪರಿಗೆ. ಡಯಾದ ಆಕಾರ ಅಂದರೆ ಒಂದು ಎಕ್ಸ್‌ಎಂಎಲ್ ಫೈಲ್ (ಟ್ಯಾಗುಗಳಿರುವ ಬರೀ ಪಠ್ಯ), ಒಳಗೆ ಒಂದಿಷ್ಟು ಎಸ್‌ವಿಜಿ. ಹೋಮ್‌ನಲ್ಲಿರುವ 'ಡಾಟ್ ಡಯಾ' ಫೋಲ್ಡರಿನ ಶೇಪ್ಸ್ ಒಳಗೆ ಅದನ್ನಿಟ್ಟು, ಶೀಟ್ಸ್ ಒಳಗೆ ಒಂದು ಪಟ್ಟಿ ಬರೆದರೆ ಮುಗಿಯಿತು. ಸೋರ್ಸ್ ಮುಟ್ಟುವುದೇ ಬೇಕಿರಲಿಲ್ಲ! ಏಪ್ಟ್‌ನಿಂದ ಹಾಕಿದ ಡಯಾದಲ್ಲೂ ಇದು ನಡೆಯುತ್ತದೆ. ಎರಡು ಸಂಜೆ, ಒಂದು ಕರೆಂಟ್ ಕಟ್, ಎಲ್ಲ ಕಬ್ಬಿನ ಹಾಲಿನ ಮೇಲಿನ ನೊರೆಯಾಯಿತು.

"ಏನ್ಲಾ ಮಗ, ಒಂದ್ ಚಿತ್ರ ಬರ್ಯಕ್ಕೆ ನಾಕ್ ದಿನ ಬೇಕಾ?" ಅಂತ ಚಿಕ್ಕಪ್ಪ ಫೋನಿನಲ್ಲಿ ಕೇಳಿದರು. ಕೊನೆಗೆ ಕಳಿಸಿದ್ದು ಡಯಾದಲ್ಲಿ ಬರೆದ ನಕ್ಷೆ. ಈಗ ಲ್ಯಾಪ್‌ಟಾಪಿನಲ್ಲಿ ಏಪ್ಟ್‌ನ ಡಯಾ ಇದೆ, ಸಿದ್ಧ ಡೆಬ್ ಫೈಲಿನಿಂದ (ಉಬುಂಟುವಿಗೆ ಕಟ್ಟಿಟ್ಟ ಪ್ಯಾಕೇಜ್) ಹಾಕಿದ ಡ್ರಾ.ಐಓ ಕೂಡ ಇದೆ. ನಾನು ಕಟ್ಟಿದ್ದು ಎರಡೂ ಇಲ್ಲ. ಮೇಸ್ತ್ರಿ ಆ ಪ್ರಿಂಟಿನ ಮೇಲೆ ಪೆನ್ಸಿಲಿನಲ್ಲಿ ಗಾಣವನ್ನು ಎರಡಡಿ ಪೂರ್ವಕ್ಕೆ ತಳ್ಳಿದ್ದಾರಂತೆ. ಅದನ್ನು ತಿದ್ದಬೇಕು.