ಬಿಲ್ಲುಗಾರರಿಗೆ ಟರ್ಕಿ ಕಾಲ್ ಕಿಟ್: ಮೂರರಲ್ಲಿ ಕೆಲಸಕ್ಕೆ ಬರುವುದು ಯಾವುದು?

ವಸಂತದ ಸೀಸನ್‌ಗೆ ಮಗನ ಮನೆಗೋ ಅಳಿಯನ ಮನೆಗೋ ಟೆಕ್ಸಾಸ್ ಕಡೆ ಹೊರಟು, ಅಲ್ಲಿ ಲೈಸೆನ್ಸ್ ತೆಗೆದು, ಬಿಲ್ಲಿನಿಂದ ಕಾಡು ಟರ್ಕಿ ಕೋಳಿಯ ಬೇಟೆಗೆ ಇಳಿಯಬೇಕೆನ್ನುವ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಬಿಲ್ಲುಗಾರರಿಗಾಗಿ ಈ ವಿಮರ್ಶೆ. ವಸ್ತು ಇಷ್ಟೇ: ಹೇಂಟೆಯ ದನಿ ಹೊರಡಿಸಿ ಹುಂಜವನ್ನು ಹತ್ತಿರ ಕರೆಯುವ ಸಾಧನಗಳಾದ ಬಾಕ್ಸ್ ಕಾಲ್, ಪಾಟ್ ಕಾಲ್, ಮೌತ್ ಕಾಲ್ ಮೂರನ್ನೂ ಒಂದೇ ಡಬ್ಬಿಯಲ್ಲಿ ಇಟ್ಟು ಮಾರುವ ಕಿಟ್. ಅಮೆರಿಕದ ಬೇಟೆ ಸಾಮಾನಿನ ಅಂಗಡಿಗಳಲ್ಲಿ ಬೇರೆ ಬೇರೆ ಕಂಪನಿಯವು ಸಿಗುತ್ತವೆ, ಒಳಗಿನ ಸರಕು ಹೆಚ್ಚುಕಡಿಮೆ ಒಂದೇ. ಡಬ್ಬಿಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಬಾಕ್ಸ್ ಕಾಲ್. ಬಿಲ್ಲುಗಾರನಿಗೆ ಬೇಕಾಗಿರುವುದು ಮಾತ್ರ ಮೂಲೆಯಲ್ಲಿ ಬಿದ್ದಿರುವ ಆ ಪುಟ್ಟ ಮೌತ್ ಕಾಲ್.

ಕಾರಣ ಸರಳ. ಬಂದೂಕಿನವನಿಗೆ ಹುಂಜ 40 ಗಜಕ್ಕೆ ಬಂದರೆ ಸಾಕು. ಬಿಲ್ಲಿಗೆ 20 ಗಜದೊಳಗೆ ಬರಬೇಕು, ಏಕೆಂದರೆ ಅಷ್ಟೆಲ್ಲ ಗರಿಯ ಒಳಗೆ ಹೃದಯ, ಪುಪ್ಪುಸ ಇರುವ ಜಾಗ ಒಂದು ಮುಷ್ಟಿಯಷ್ಟು. ಅದಲ್ಲದೆ ಬಿಲ್ಲು ಎಳೆಯಲು ಎರಡೂ ಕೈ ಬೇಕು. ಟರ್ಕಿಯ ಮೂಗು ಮಂದ, ಕಣ್ಣು ಮಾತ್ರ ಬಹಳ ಚುರುಕು. ಕಣ್ಣುಗಳು ತಲೆಯ ಎರಡು ಬದಿಗೆ ಇರುವುದರಿಂದ ಕತ್ತು ತುಸು ಹೊರಳಿಸಿದರೂ ಸುತ್ತೆಲ್ಲ ಕಾಣುತ್ತದೆ. ಹತ್ತಿರ ಬಂದ ಹಕ್ಕಿಯ ಎದುರು ಕಾಲ್ ಕೆಳಗಿಟ್ಟು ಬಿಲ್ಲು ಎತ್ತಿಕೊಳ್ಳುವಷ್ಟರಲ್ಲಿ ಅದು ‘ಪಟ್’ ಎಂದು ಅಪಾಯದ ಸದ್ದು ಮಾಡಿ ಹೊರಟುಹೋಗಿರುತ್ತದೆ.

ಬಾಕ್ಸ್ ಕಾಲ್. ತೆಳು ಗೋಡೆಯ ಮರದ ಪೆಟ್ಟಿಗೆ, ಮೇಲೆ ಒಂದೇ ಸ್ಕ್ರೂನಲ್ಲಿ ಆಡುವ ಮುಚ್ಚಳ. ಆರ್ಕನ್ಸಾದ ಹೆನ್ರಿ ಗಿಬ್ಸನ್ 1897ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವೇ ಇಂದಿಗೂ ನಡೆದುಬಂದಿದೆ. ಮುಚ್ಚಳದ ಅಡಿಗೆ ಸೀಮೆಸುಣ್ಣ ಸವರಿ, ಅಂಚಿನ ಮೇಲೆ ಎತ್ತದೆ ಉಜ್ಜಿದರೆ ಹೇಂಟೆಯ ‘ಯೆಲ್ಪ್’ ಬರುತ್ತದೆ: ಮೊದಲು ಸಣ್ಣ ಎತ್ತರದ ದನಿ, ಹಿಂದೆಯೇ ಒರಟು ತಗ್ಗು ದನಿ. ಕಲಿಯುವುದು ಹತ್ತು ನಿಮಿಷದ ಕೆಲಸ. ಸದ್ದು ದೊಡ್ಡದು, ಗಾಳಿಯ ದಿನವೂ ದೂರಕ್ಕೆ ಮುಟ್ಟುತ್ತದೆ, ಹುಂಜ ಎಲ್ಲಿದೆ ಎಂದು ಪತ್ತೆ ಮಾಡಲು ಇದೇ ಒಳ್ಳೆಯದು. ಅಲ್ಲಿಗೆ ಇದರ ಕೆಲಸ ಮುಗಿಯಿತು. ಶಾಲೆಯ ಸೀಮೆಸುಣ್ಣ ಬಳಸಬೇಡಿ. ಅದರಲ್ಲಿನ ಅಂಟು ಮರದ ಮೇಲೆ ಹೊಳಪು ಕಟ್ಟಿ ಮುಚ್ಚಳ ಜಾರತೊಡಗುತ್ತದೆ. ಎಣ್ಣೆ, ಮೇಣ ಇಲ್ಲದ ಬಾಕ್ಸ್ ಕಾಲ್ ಸುಣ್ಣವೇ ಬೇಕು. ಸ್ಯಾಂಡ್‌ಪೇಪರ್ ಹಾಕಲೇಬೇಡಿ, ಸ್ಕ್ರೂ ತಿರುಗಿಸಲೇಬೇಡಿ. ತಯಾರಕರು ಕೂರಿಸಿದ ಶ್ರುತಿ ಒಮ್ಮೆ ಕೆಟ್ಟರೆ ಮನೆಯಲ್ಲಿ ಸರಿಯಾಗುವುದು ಕಷ್ಟ. ಇನ್ನೊಂದು ಕೊರತೆ ಎಂದರೆ ನಡೆಯುವಾಗ ಚೀಲದಲ್ಲಿ ತಾನೇ ಕಿರುಗುಟ್ಟುತ್ತದೆ. ಮುಚ್ಚಳಕ್ಕೆ ದಪ್ಪ ರಬ್ಬರ್‌ಬ್ಯಾಂಡ್ ಬಿಗಿಯಿರಿ.

ಪಾಟ್ ಕಾಲ್. ಅಂಗೈ ಅಗಲದ ದುಂಡು ಬಟ್ಟಲು, ಮೇಲೆ ಪಾಟಿಕಲ್ಲು, ಗಾಜು ಅಥವಾ ಅಲ್ಯೂಮಿನಿಯಂ, ಕೆಳಗೆ ಸದ್ದು ಹೊರಬರುವ ತೂತುಗಳು, ಜೊತೆಗೆ ಸ್ಟ್ರೈಕರ್ ಎಂಬ ಕಡ್ಡಿ. ಆರಿಸುವ ಅವಕಾಶ ಇದ್ದರೆ ಕಲ್ಲಿನದೇ ಇರಲಿ. ಮೆತ್ತನೆಯ ‘ಕ್ಲಕ್’, ‘ಪರ್’ ದನಿಗಳು ಕಲ್ಲಿನಲ್ಲಿ ಬಂದಷ್ಟು ಚೆನ್ನಾಗಿ ಗಾಜಿನಲ್ಲಿ ಬರುವುದಿಲ್ಲ. ಗಾಜಿನದು ಜೋರಾದ, ಚೂಪಾದ ಕರೆಗೆ ಸರಿ, ಕಡ್ಡಿ ತಕ್ಕುದಿದ್ದರೆ ಒದ್ದೆಯಲ್ಲೂ ನಡೆಯುತ್ತದೆ.

ಹೊಸ ಕಾಲ್ ಸದ್ದೇ ಮಾಡದಿದ್ದರೆ ದೋಷ ಎಂದು ವಾಪಸ್ ಕಳಿಸಬೇಡಿ. ಮೇಲ್ಮೈ ಕೆರೆದಿರಬೇಕು. ಕಲ್ಲಿಗೆ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಸಾಕು, ಗಾಜಿಗೆ ಒರಟು ಸ್ಯಾಂಡ್‌ಪೇಪರ್ ಬೇಕು. ಒಂದೇ ದಿಕ್ಕಿಗೆ ಕೆರೆಯಿರಿ, ಕಡ್ಡಿಯನ್ನು ಆ ಗೆರೆಗಳಿಗೆ ಅಡ್ಡ ಎಳೆಯಿರಿ. ಕಡ್ಡಿಯ ತುದಿಯನ್ನೂ ಲಘುವಾಗಿ ಉಜ್ಜಿ. ಕೆರೆದ ಮೇಲೆ ಬೆರಳು ತಾಗಿಸಬಾರದು: ಕೈಯ ಜಿಡ್ಡು ಸಾಕು, ಕಡ್ಡಿ ಜಾರುತ್ತದೆ. ಬಟ್ಟಲನ್ನು ಬೆರಳ ತುದಿಗಳಲ್ಲಿ ಹಿಡಿಯಿರಿ. ಅಂಗೈ ಮೇಲೆ ಕೂರಿಸಿದರೆ ತೂತು ಮುಚ್ಚಿ ದನಿ ಸತ್ತುಹೋಗುತ್ತದೆ. ಕಡ್ಡಿಯನ್ನು ಪೆನ್ನಿನ ಹಾಗೆ ಹಿಡಿದು, ತುದಿ ಮೇಲ್ಮೈ ಬಿಡದಂತೆ ಸಣ್ಣ ಮೊಟ್ಟೆಯಾಕಾರ ಬರೆಯಿರಿ, ಒಂದು ಸುತ್ತಿಗೆ ಒಂದು ಯೆಲ್ಪ್. ಅಂಚಿನ ಹತ್ತಿರ ದನಿ ಎತ್ತರ, ನಡುವಿಗೆ ಹೋದಷ್ಟೂ ತಗ್ಗು. ಕಡ್ಡಿಯನ್ನು ಒತ್ತಿ ಚಿಕ್ಕದಾಗಿ ಎಳೆದರೆ ಕ್ಲಕ್. ಒತ್ತಡ ಬಿಟ್ಟು ನಿಧಾನವಾಗಿ ಉದ್ದಕ್ಕೆ ಎಳೆದರೆ ಪರ್.

ಕಿವಿಗೆ ಟರ್ಕಿಯ ಲಯ ಕಲಿಸಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಹುಂಜ ಇನ್ನೂ ದೂರದಲ್ಲಿರುವವರೆಗೆ ಬೇಟೆಯಲ್ಲೂ ನಡೆಯುತ್ತದೆ. ಆಮೇಲೆ ಮತ್ತೆ ಅದೇ ತೊಡಕು, ಎರಡೂ ಕೈ ಕಟ್ಟಿಹಾಕುತ್ತದೆ.

ಮೌತ್ ಕಾಲ್. ಅಲ್ಯೂಮಿನಿಯಂನ ಲಾಳಾಕಾರದ ಚೌಕಟ್ಟು, ಅದರಲ್ಲಿ ಬಿಗಿದ ತೆಳು ಲೇಟೆಕ್ಸ್ ಪದರ, ಸುತ್ತ ಟೇಪು. ಕಿಟ್‌ಗಳಲ್ಲಿ ಹೆಚ್ಚಾಗಿ ಮೂರು ಪದರದ್ದನ್ನು ಕೊಡುತ್ತಾರೆ. ಹೊಸಬರಿಗೆ ಅದು ತಪ್ಪು ಆಯ್ಕೆ: ಪದರ ಹೆಚ್ಚಿದಷ್ಟೂ ದನಿ ಒರಟು, ಉಸಿರೂ ಹೆಚ್ಚು ಬೇಕು. ಎರಡು ಪದರದ್ದನ್ನು ಬೇರೆಯಾಗಿ ಕೊಳ್ಳಿ, ಸಾಮಾನ್ಯವಾಗಿ ಹತ್ತು ಡಾಲರ್ ಆಸುಪಾಸು.

ಲಾಳದ ತೆರೆದ ಬಾಯಿ ಹಲ್ಲಿನ ಕಡೆ, ದುಂಡು ಬದಿ ಗಂಟಲ ಕಡೆ. ಪದರಗಳ ಉದ್ದ ಬೇರೆ ಬೇರೆ ಇದ್ದರೆ ಗಿಡ್ಡ ಪದರ ಕೆಳಗೆ, ನಾಲಿಗೆಯ ಕಡೆ ಬರಬೇಕು. ನಾಲಿಗೆಯಿಂದ ಬಾಯಿಯ ಮೇಲಿನ ಅಂಗಳಕ್ಕೆ ಒತ್ತಿ ಕೂರಿಸಿ. ಟೇಪಿನ ಅಂಚು ಅಂಗಳಕ್ಕೆ ಅಂಟಿ ಗಾಳಿ ಬಂದ್ ಆಗಬೇಕು, ಗಾಳಿ ಪದರದ ಮತ್ತು ನಾಲಿಗೆಯ ನಡುವೆ ಮಾತ್ರ ಹಾಯಬೇಕು. ಬರೀ ‘ಸ್ಸ್’ ಎಂದು ಗಾಳಿ ಸೋರಿದರೆ ಒಂದೋ ನಾಲಿಗೆ ಸಾಲದಷ್ಟು ಒತ್ತಿದೆ, ಇಲ್ಲವೇ ಚೌಕಟ್ಟು ನಿಮ್ಮ ಅಂಗಳಕ್ಕೆ ಅಗಲವಾಗಿದೆ. ಟೇಪನ್ನು ಕತ್ತರಿಯಿಂದ ಒಂದು ಎಳೆಯಷ್ಟೇ ತೆಗೆಯಿರಿ, ಚೌಕಟ್ಟಿನ ಎರಡು ತುದಿಯನ್ನು ತುಸು ಕೆಳಗೆ ಬಾಗಿಸಿ. ವಾಂತಿ ಬಂದಂತಾಗುವುದು ಬಹಳ ಹಿಂದಕ್ಕೆ ಇಟ್ಟುಕೊಂಡಾಗ. ಮುಂದೆ ತಂದರೂ ಹೋಗದಿದ್ದರೆ ಸಣ್ಣ ಚೌಕಟ್ಟಿನದು ನೋಡಿ. ಉಸಿರು ಕೆನ್ನೆಯಿಂದ ಅಲ್ಲ, ಹೊಟ್ಟೆಯಿಂದ, ಕನ್ನಡಕದ ಗಾಜಿಗೆ ಹಬೆ ಬಿಡುವಾಗ ಬಿಡುತ್ತೀರಲ್ಲ, ಹಾಗೆ. ಬಾಯಲ್ಲಿ ‘ಚಾಕ್, ಚಾಕ್’ ಎಂದು ಅಂದರೆ ದವಡೆ ಕೆಳಗಿಳಿದು ಎತ್ತರದ ದನಿ ತಾನೇ ಒರಟಿಗೆ ಇಳಿಯುತ್ತದೆ. ಹೊಸಬರು ಇಲ್ಲೇ ಸೋಲುತ್ತಾರೆ: ಎರಡನೆಯ ದನಿ ಬರುವುದೇ ಇಲ್ಲ, ಪೀಪಿ ಊದಿದ ಹಾಗೆ ಒಂದೇ ಶ್ರುತಿ.

ಈ ಮೂರನೆಯದು ಕಲಿಯಲು ವಾರಗಳೇ ಬೇಕು. ಆದರೂ ಬಿಲ್ಲು ಎಳೆದು ನಿಂತಾಗ ಮಾಡಬಹುದಾದ ಕರೆ ಇದೊಂದೇ. ನಡೆಯುತ್ತಿರುವ ಹುಂಜವನ್ನು ನಿಲ್ಲಿಸಲು ಒಂದೇ ಒಂದು ಕ್ಲಕ್ ಸಾಕು. ಅದು ನಿಂತು ಕತ್ತೆತ್ತುತ್ತದೆ, ಬಾಣ ಬಿಡುವ ಕ್ಷಣ ಅದೇ.

ಕಿಟ್ ಜೊತೆ ಬರುವ ಕಾಗದದಲ್ಲಿ ‘ಜೋರಾಗಿ, ಪದೇ ಪದೇ ಕರೆಯಿರಿ’ ಎಂದು ಬರೆದಿದ್ದರೆ ಆ ಕಾಗದ ಹರಿದು ಹಾಕಿ. ಹುಂಜ ‘ಗಾಬಲ್’ ಎಂದು ಕೂಗಿ ನಿಲ್ಲುವುದು, ಹೇಂಟೆ ಅದರ ಕಡೆ ನಡೆದು ಹೋಗುವುದು, ಇದು ಅವುಗಳ ರೀತಿ. ನಾವು ಅದನ್ನು ತಿರುಗಾಮುರುಗಾ ಮಾಡುತ್ತಿದ್ದೇವೆ. ಹೆಚ್ಚು ಕರೆದಷ್ಟೂ ಹುಂಜಕ್ಕೆ ‘ಹೇಂಟೆ ಬರುತ್ತಿದೆ’ ಎಂಬ ಭರವಸೆ ಬಲವಾಗಿ, ಅದು 60–70 ಗಜ ದೂರದಲ್ಲೇ ಬಾಲ ಬಿಚ್ಚಿ ಕಾಯುತ್ತದೆ. ಬಿಲ್ಲಿನವನಿಗೆ ಆ ಹಕ್ಕಿ ಇದ್ದೂ ಇಲ್ಲದಂತೆ. ಬೆಳಕು ಹರಿಯುವ ಮುನ್ನ, ಹಕ್ಕಿ ಇನ್ನೂ ಮರದ ಮೇಲಿರುವಾಗ, ಮೂರು–ನಾಲ್ಕು ಮೆಲು ಯೆಲ್ಪ್. ಉತ್ತರ ಬಂದರೆ ಬಾಯಿ ಮುಚ್ಚಿ. ಕೆಳಗಿಳಿದ ಮೇಲೆ ಐದಾರು ಯೆಲ್ಪಿನ ಒಂದು ಸಾಲು. ಉತ್ತರಿಸುತ್ತಾ ಹತ್ತಿರವಾದರೆ ಕ್ಲಕ್ ಮತ್ತು ಪರ್ ಮಾತ್ರ, ಜೊತೆಗೆ ಕೈಯಿಂದ ಒಣ ಎಲೆ ಕೆದರಿದ ಸದ್ದು. ಕಣ್ಣಿಗೆ ಬಿದ್ದ ಮೇಲೆ ಮೌನ. ನಿಂತುಬಿಟ್ಟರೆ ಜೋರು ಮಾಡಬೇಡಿ. ತಲೆ ಬೇರೆ ಕಡೆ ತಿರುಗಿಸಿ ಮೆಲ್ಲಗೆ ಕರೆಯಿರಿ, ಹೇಂಟೆ ದೂರ ಹೋಗುತ್ತಿದೆ ಎನಿಸಬೇಕು.

ಕೆಲವು ಕಿಟ್‌ಗಳಲ್ಲಿ ಗಾಳಿ ತುಂಬುವ ಒಂದು ಹೇಂಟೆ ಗೊಂಬೆ ಇರುತ್ತದೆ. ಪರವಾಗಿಲ್ಲ ಅಷ್ಟೇ. ಬಿಲ್ಲಿಗೆ ಹೆಚ್ಚು ಉಪಯೋಗ ಜೇಕ್ ಗೊಂಬೆಯದು, ಅಂದರೆ ಒಂದು ವರ್ಷದ ಮರಿಹುಂಜದ್ದು. ಬ್ಲೈಂಡ್‌ನಿಂದ, ಅಂದರೆ ನೀವು ಅಡಗಿ ಕೂರುವ ಗುಡಾರದಿಂದ, ಏಳೆಂಟು ಗಜದಲ್ಲಿ, ಮುಖ ಬ್ಲೈಂಡ್ ಕಡೆಗೆ ನಿಲ್ಲಿಸಿ. ದೊಡ್ಡ ಹುಂಜ ಜಗಳಕ್ಕೆ ಗೊಂಬೆಯ ಮುಖದ ಎದುರಿಗೇ ಬರುತ್ತದೆ, ಆಗ ಅದರ ಬೆನ್ನು ನಿಮ್ಮ ಕಡೆ. ಬಿಚ್ಚಿದ ಬಾಲ ಅದರ ಕಣ್ಣಿಗೆ ಅಡ್ಡವಾದಾಗ ಬಿಲ್ಲು ಎಳೆಯಿರಿ. ಬ್ಲೈಂಡ್‌ನ ಹಿಂದಿನ ಕಿಟಕಿ ಮುಚ್ಚಿರಲಿ, ಇಲ್ಲದಿದ್ದರೆ ಬೆಳಕಿಗೆ ನಿಮ್ಮ ನೆರಳು ಆಡುತ್ತದೆ. ಗೊಂಬೆಯನ್ನು ಹೊತ್ತು ನಡೆಯುವಾಗ ಚೀಲದಲ್ಲೇ ಇರಲಿ. ಕೆಂಪು, ಬಿಳಿ, ನೀಲಿ ಬಟ್ಟೆ ಬೇಡ: ಅವು ಹುಂಜದ ತಲೆಯ ಬಣ್ಣಗಳು, ಕಾಡಿನಲ್ಲಿ ಬಂದೂಕಿನವರೂ ಇರುತ್ತಾರೆ. ಮೊಬೈಲಿನಲ್ಲಿ ದನಿ ಹಾಕಿ ಕರೆಯುವ ಯೋಚನೆ ಬಿಡಿ, ಹೆಚ್ಚಿನ ರಾಜ್ಯಗಳಲ್ಲಿ ಟರ್ಕಿ ಬೇಟೆಗೆ ಅದು ನಿಷಿದ್ಧ.

ಇನ್ನು ನಮ್ಮ ಊರಲ್ಲಿ ಇವನ್ನು ಇಡುವ ವಿಚಾರ. ವಿಜಯಪುರದ ಮೇ ತಿಂಗಳ ಬಿಸಿಲಿನಲ್ಲಿ ಕಾರಿನಲ್ಲಿ ಬಿಟ್ಟ ಮೌತ್ ಕಾಲ್ ಮುಗಿದಂತೆಯೇ, ಪದರಗಳು ಒಂದಕ್ಕೊಂದು ಅಂಟಿ ಬಿರುಕು ಬಿಡುತ್ತವೆ. ಬಳಸಿದ ಮೇಲೆ ತಣ್ಣೀರಿನಲ್ಲಿ ತೊಳೆದು, ಪದರಗಳ ನಡುವೆ ಹಲ್ಲುಕಡ್ಡಿ ಸಿಕ್ಕಿಸಿ ಒಣಗಿಸಿ, ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಖಾನಾಪುರ ಕಡೆಯ ಮಳೆಗಾಲದಲ್ಲಿ ತೊಂದರೆ ಬಾಕ್ಸ್ ಕಾಲ್‌ಗೆ: ಮರ ತೇವ ಹೀರಿ ದನಿ ಮಂಕಾಗುತ್ತದೆ. ಜಿಪ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟರೆ ಸಾಕು, ಒಲೆಯ ಹತ್ತಿರ ಕಾಯಿಸಬೇಡಿ.

ಅಭ್ಯಾಸಕ್ಕೆ ಟರ್ಕಿ ಕೋಳಿ ಸಾಕಿದವರ ಶೆಡ್ ಒಳ್ಳೆಯ ಶಾಲೆ, ಸಾಕುಟರ್ಕಿಯೂ ಅದೇ ಜಾತಿಯ ಹಕ್ಕಿ. ಆದರೆ ಅಲ್ಲಿನ ಹುಂಜ ಗಾಬಲ್ ಅಂದಿತು ಎಂದು ಬೀಗಬೇಡಿ. ಅದು ಟ್ರ್ಯಾಕ್ಟರ್ ಹಾರ್ನಿಗೂ ಕೂಗುತ್ತದೆ. ಹೇಂಟೆಗಳ ಯೆಲ್ಪನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ನಿಮ್ಮದನ್ನೂ ರೆಕಾರ್ಡ್ ಮಾಡಿ, ಎರಡನ್ನೂ ಪಕ್ಕಪಕ್ಕ ಕೇಳಿ. ದನಿ ಸ್ವಲ್ಪ ಬೇರೆಯಾದರೂ ನಡೆಯುತ್ತದೆ, ಲಯ ತಪ್ಪಿದರೆ ನಡೆಯುವುದಿಲ್ಲ. ಬೆಳಗಾವಿಯಲ್ಲಿರುವವರು ವ್ಯಾಕ್ಸಿನ್ ಡಿಪೋದಲ್ಲಿ ವಾಕಿಂಗ್ ಬಂದವರ ನಡುವೆ ಬಾಕ್ಸ್ ಕಾಲ್ ಉಜ್ಜದಿದ್ದರೆ ಎಲ್ಲರಿಗೂ ಕ್ಷೇಮ.

ಈ ಸಾಧನಗಳನ್ನು ನಮ್ಮ ಕಾಡುಹಕ್ಕಿಗಳ ಮೇಲೆ ಪ್ರಯೋಗಿಸುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ, ನವಿಲಂತೂ ಮೊದಲ ಅನುಸೂಚಿಯಲ್ಲಿದೆ. ಘಟಪ್ರಭಾ ಪಕ್ಷಿಧಾಮದಂಥ ಜಾಗಕ್ಕೆ ಹೋಗುವಾಗ ಕಾಲ್ ಮನೆಯಲ್ಲೇ ಇರಲಿ.

ಕೊಳ್ಳುವುದಾದರೆ ಕಿಟ್ ಬಿಟ್ಟು ಬಿಡಿಬಿಡಿಯಾಗಿ ತರಿಸಿ: ಎರಡು ಪದರದ ಮೌತ್ ಕಾಲ್ ಮೂರು, ಕಲ್ಲಿನ ಪಾಟ್ ಕಾಲ್ ಒಂದು, ಬೇರೆ ಬೇರೆ ಮರದ ಸ್ಟ್ರೈಕರ್ ಎರಡು. ಕಿಟ್ ಆಗಲೇ ಕೈಗೆ ಬಂದಿದ್ದರೆ ಬಾಕ್ಸ್ ಕಾಲ್ ಅನ್ನು ಜೊತೆಗೆ ಬರುವ ಗೆಳೆಯನಿಗೆ ಕೊಡಿ. ನಿಮ್ಮ ಬೆನ್ನ ಹಿಂದೆ ಮೂವತ್ತು–ನಲವತ್ತು ಗಜ ದೂರದಲ್ಲಿ ಅವನು ಕೂತು ಕರೆದರೆ, ದನಿಯತ್ತ ಹೊರಟ ಹುಂಜ ಅಲ್ಲಿಗೆ ಮುಟ್ಟುವ ಮುಂಚೆ ನಿಮ್ಮ ಬಿಲ್ಲಿನ ಅಳತೆಯಲ್ಲಿ ಹಾಯುತ್ತದೆ.