ನಗದೆ ನಗಿಸುವವರು: 1952ರ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’

ಆಸ್ಕರ್ ವೈಲ್ಡ್‌ನ ಈ ಪ್ರಹಸನವನ್ನು ಬಣ್ಣದ ಚಿತ್ರವಾಗಿಸಿದ ಆಂಥನಿ ಆಸ್ಕ್ವಿತ್, ಅದು ನಾಟಕವೆಂಬುದನ್ನು ಮರೆಮಾಚುವ ಗೋಜಿಗೇ ಹೋಗಿಲ್ಲ. ಪ್ರೇಕ್ಷಕರು ರಂಗಮಂದಿರದಲ್ಲಿ ಬಂದು ಕೂರುತ್ತಾರೆ, ಪರದೆ ಮೇಲೇಳುತ್ತದೆ, ಅಲ್ಲಿಂದಾಚೆಗೆ ಒಂದೂವರೆ ಗಂಟೆ ನಾವು ನೋಡುವುದು ಹೆಚ್ಚುಕಡಿಮೆ 1895ರ ಫೆಬ್ರವರಿಯಲ್ಲಿ ಲಂಡನ್ನಿನ ಸೇಂಟ್ ಜೇಮ್ಸ್ ಥಿಯೇಟರಿನಲ್ಲಿ ಮೊದಲು ಆಡಿದ ನಾಟಕವನ್ನೇ. ಈಚೆಗೆ ಮನೆಯಲ್ಲಿ ಇದನ್ನು ಮತ್ತೊಮ್ಮೆ ಹಾಕಿದಾಗ ಜೊತೆಯಲ್ಲಿ ಕುಳಿತಿದ್ದವರೊಬ್ಬರು, ‘ಇವರ್ಯಾರೂ ಮನುಷ್ಯರ ಹಾಗೆ ಮಾತೇ ಆಡುವುದಿಲ್ಲವಲ್ಲ’ ಎಂದು ಆಕ್ಷೇಪಿಸಿದರು. ಮಾತು ನಿಜವೇ. ಆದರೆ ವೈಲ್ಡ್ ಬರೆದದ್ದೂ ಮನುಷ್ಯರು ದಿನನಿತ್ಯ ಆಡುವ ಮಾತಲ್ಲ. ಅದನ್ನು ಸಹಜವಾಗಿ ಆಡಹೊರಟ ನಟನ ಬಾಯಲ್ಲಿ ಅದು ಬರಿಯ ಚಾಟೂಕ್ತಿಯಾಗಿ ಉದುರಿಹೋಗುತ್ತದೆ. ಈ ಲೋಕದಲ್ಲಿ ಇದಕ್ಕಿಂತ ಸಹಜವಾದ ಮಾತೇ ಇಲ್ಲ ಎಂಬ ಪೂರ್ಣ ಗಾಂಭೀರ್ಯದಿಂದ ಆಡಿದರೆ ಮಾತ್ರ ನಗು ಬರುತ್ತದೆ.

ಲೇಡಿ ಬ್ರ್ಯಾಕ್ನೆಲ್ ತನ್ನ ಮಗಳನ್ನು ಮದುವೆಯಾಗಬಯಸಿದ ಜ್ಯಾಕ್‌ನನ್ನು ವಿಚಾರಿಸುವ ದೃಶ್ಯವನ್ನೇ ನೋಡಿ. ಈಡಿತ್ ಇವಾನ್ಸ್ ಪುಸ್ತಕ, ಪೆನ್ಸಿಲ್ ಹಿಡಿದು ಕುಳಿತು ವಯಸ್ಸು, ಆದಾಯ, ಆಸ್ತಿ, ಮನೆ ಎಂದು ಒಂದೊಂದನ್ನೇ ಕೇಳುತ್ತಾರೆ. ನಮ್ಮಲ್ಲಿ ವರನ ಕಡೆಯ ಅನುಕೂಲ ವಿಚಾರಿಸುವ ಹಿರಿಯರನ್ನು ಕಂಡವರಿಗೆ ಆ ಧಾಟಿ ಹೊಸದೇನಲ್ಲ. ಸಿಗರೇಟು ಸೇದುವುದಾಗಿ ಜ್ಯಾಕ್ ಒಪ್ಪಿಕೊಂಡರೆ, ಗಂಡಸಿಗೆ ಏನಾದರೊಂದು ಉದ್ಯೋಗ ಇರಬೇಕಾದದ್ದೇ ಎಂದು ಆಕೆ ಸಂತೋಷಪಡುತ್ತಾಳೆ. ಈ ಮಾತನ್ನು ಇವಾನ್ಸ್ ಹಾಸ್ಯವೆಂದು ಆಡುವುದಿಲ್ಲ, ಲೆಕ್ಕಕ್ಕೆ ಬರೆದುಕೊಳ್ಳುವ ಸಂಗತಿಯೆಂಬಂತೆ ಆಡುತ್ತಾರೆ. ಆತ ಕೂಸಾಗಿದ್ದಾಗ ಕೈಚೀಲವೊಂದರಲ್ಲಿ ಸಿಕ್ಕವನೆಂದು ತಿಳಿದಾಗ ಹೊರಡುವ ‘ಹ್ಯಾಂಡ್‌ಬ್ಯಾಗ್?’ ಎಂಬ ಉದ್ಗಾರವಂತೂ ಒಂದೇ ಪದದಲ್ಲಿ ಆಳದಿಂದ ಮೇಲಕ್ಕೇರಿ, ಎಳೆದು, ನಡುಗಿ ನಿಲ್ಲುತ್ತದೆ. ಆ ಪಾತ್ರವನ್ನು ಆಡುವ ಪ್ರತಿಯೊಬ್ಬರಿಗೂ ಇಂದಿಗೂ ಅದೊಂದು ಹೊರೆಯೇ. 1939ರಲ್ಲಿ ಜಾನ್ ಗಿಲ್‌ಗುಡ್ ಜೊತೆಗೆ ರಂಗದ ಮೇಲೆಯೂ ಇವಾನ್ಸ್ ಈ ಪಾತ್ರ ಮಾಡಿದ್ದರು. ಕೊನೆಯ ಸಾಲಿನ ಪ್ರೇಕ್ಷಕನಿಗೆ ಅಳೆದ ಆ ಧ್ವನಿಯನ್ನು ಮೊಳದುದ್ದದಲ್ಲಿರುವ ಕ್ಯಾಮೆರಾಕ್ಕಾಗಿ ಅವರು ಹೆಚ್ಚೇನೂ ತಗ್ಗಿಸಿಲ್ಲ; ಕೆಲವು ಮಾತುಗಳಾದ ಮೇಲೆ ಸಭಿಕರ ನಗುವಿಗೆಂದು ಬಿಟ್ಟ ಜಾಗ ಖಾಲಿ ಉಳಿದಂತೆಯೂ ನನಗೆ ಅನ್ನಿಸಿತು.

ನನ್ನ ಮಟ್ಟಿಗೆ ಚಿತ್ರದ ಅತ್ಯುತ್ತಮ ನಟನೆ ಜ್ಯಾಕ್ ಪಾತ್ರದ ಮೈಕೆಲ್ ರೆಡ್‌ಗ್ರೇವ್ ಅವರದು. ನಾಟಕದ ಜ್ಯಾಕ್‌ಗೆ 29 ವರ್ಷ, ಚಿತ್ರ ಬಂದಾಗ ಅವರಿಗೆ 44, ವಯಸ್ಸು ಮುಚ್ಚಿಡಲಾಗದು. ಆದರೂ ಇಲ್ಲದ ತಮ್ಮ ಪ್ಯಾರಿಸ್ಸಿನಲ್ಲಿ ಶೀತ ಹಿಡಿದು ಸತ್ತನೆಂದು ಹೇಳಲು ಅಡಿಮುಡಿ ಕಪ್ಪುಡುಗೆಯಲ್ಲಿ ಅವರು ನಡೆದು ಬರುವಾಗ, ಗೆಳೆಯ ಆಲ್ಜರ್‌ನನ್ ಆ ‘ತಮ್ಮ’ನ ಸೋಗಿನಲ್ಲಿ ಆಗಲೇ ಮನೆಯೊಳಗೆ ಕುಳಿತಿದ್ದಾನೆಂದು ಬಲ್ಲ ನಮಗೆ ಆ ಸೂತಕದ ಮುಖವೇ ಸಾಕು. ಮೈಕೆಲ್ ಡೆನಿಸನ್ ಅವರ ಆಲ್ಜರ್‌ನನ್ ಈ ಗಾಂಭೀರ್ಯದಲ್ಲಿಯೇ ಸೋಲುತ್ತಾನೆ: ತನ್ನ ಮಾತಿನ ಚಮತ್ಕಾರಕ್ಕೆ ತಾನೇ ಮೊದಲು ಮನಸೋತವನಂತೆ ಕಾಣುತ್ತಾನೆ. ಲೇಡಿ ಬ್ರ್ಯಾಕ್ನೆಲ್ಲಳ ಮಗಳು ಗ್ವೆಂಡೊಲೆನ್ ಆಗಿ ಜೋನ್ ಗ್ರೀನ್‌ವುಡ್ ಮತ್ತು ಜ್ಯಾಕ್‌ನ ಆಶ್ರಯದಲ್ಲಿರುವ ಸಿಸಿಲಿಯಾಗಿ ಡೊರೊಥಿ ಟ್ಯುಟಿನ್ ಚಹಾದ ಮೇಜಿನ ಎದುರುಬದಿರು ಕುಳಿತ ದೃಶ್ಯದಲ್ಲಿ ಒಬ್ಬರ ಬೆಕ್ಕಿನಂಥ ಗೊಗ್ಗರು ದನಿಗೂ ಇನ್ನೊಬ್ಬರ ಎಳೆಯ ಚುರುಕಿಗೂ ಚೆನ್ನಾಗಿಯೇ ತಾಕಲಾಟವಾಗುತ್ತದೆ. ಸಕ್ಕರೆ ಬೇಡವೆಂದವಳ ಬಟ್ಟಲಿಗೆ ನಾಲ್ಕು ತುಂಡು ಸಕ್ಕರೆ ಹಾಕುವಾಗಲೂ ಇಬ್ಬರ ಮರ್ಯಾದೆ ಕೂದಲೆಳೆಯಷ್ಟೂ ಕೆಡುವುದಿಲ್ಲ.

ಸಹಜತೆ ಬೇಕೇಬೇಕೆನ್ನುವವರಿಗೆ ಸಿಸಿಲಿಯ ಶಿಕ್ಷಕಿ ಮಿಸ್ ಪ್ರಿಸಂ ಪಾತ್ರದ ಮಾರ್ಗರೆಟ್ ರದರ್‌ಫರ್ಡ್ ಅವರನ್ನು ತೋರಿಸಬೇಕು. ಹಿಂದೊಮ್ಮೆ ಕೂಸನ್ನು ಮರೆವಿನಿಂದ ಕೈಚೀಲದಲ್ಲಿಟ್ಟ ತಪ್ಪನ್ನು ಗದ್ದ ನಡುಗಿಸುತ್ತ ಒಪ್ಪಿಕೊಂಡ ಆಕೆ, ಆ ಚೀಲ ಕೈಗೆ ಬಂದೊಡನೆ ಎಲ್ಲವನ್ನೂ ಮರೆತು, ಬಸ್ಸು ಮಗುಚಿ ಆದ ಗಾಯವನ್ನೂ ಒಳಗಿನ ಕಲೆಯನ್ನೂ ಹುಡುಕಿ ಗುರುತಿಸುತ್ತಾಳೆ. ಎದುರಿಗಿರುವವನ ಹುಟ್ಟಿನ ಗುಟ್ಟು ಬಯಲಾಗುತ್ತಿರುವುದು ಅವಳ ಲೆಕ್ಕಕ್ಕೇ ಇಲ್ಲ. ಇಷ್ಟು ವರ್ಷ ಚೀಲವಿಲ್ಲದೆ ಬಹಳ ತೊಂದರೆಯಾಯಿತೆಂದು ಮಾತ್ರ ಹೇಳುತ್ತಾಳೆ. ಆಕ್ಷೇಪಿಸಿದ್ದವರು ಗಟ್ಟಿಯಾಗಿ ನಕ್ಕಿದ್ದು ಅಲ್ಲಿಯೇ.